ಅಂಡದಾನದ ಧರ್ಮಾಧರ್ಮ ವಿಚಾರ

ಸಂತಾನವಿಲ್ಲದ ದಂಪತಿಗಳ ಸಂಕಟವು ನಮ್ಮ ದೇಶಕ್ಕೆ ಹೊಸದಲ್ಲ. ನಾಗಪ್ರತಿಷ್ಠೆ, ಅಶ್ವತ್ಥ ಪ್ರದಕ್ಷಿಣೆ, ಕುಕ್ಕೆ ಸುಬ್ರಹ್ಮಣ್ಯದ ಹರಕೆ, ಹಳ್ಳಿಯ ನಾರುಬೇರು, ಪಟ್ಟಣದ ಆಸ್ಪತ್ರೆ, ಇವೆಲ್ಲವನ್ನೂ ಒಂದೊಂದಾಗಿ ದಾಟಿ ಬಂದ ಮೇಲೆ ಕಡೆಗೊಂದು ದಿನ ವೈದ್ಯರು, "ಅಮ್ಮಾ, ನಿಮ್ಮ ಗರ್ಭಕೋಶದಲ್ಲಿ ಯಾವ ದೋಷವೂ ಇಲ್ಲ, ಆದರೆ ಅಂಡಾಶಯವು ಬತ್ತಿಹೋಗಿದೆ. ಬೇರೊಬ್ಬ ಸ್ತ್ರೀಯ ಅಂಡವನ್ನು ಪಡೆದುಕೊಂಡಲ್ಲಿ ನೀವು ಗರ್ಭ ಧರಿಸಬಹುದು" ಎಂದು ನುಡಿಯುವ ಪ್ರಸಂಗವು ಈಗ ಎಷ್ಟೋ ಮನೆಗಳಿಗೆ ಒದಗುತ್ತಿದೆ. ಆ ಮಾತನ್ನು ಕೇಳಿಕೊಂಡು ಮನೆಗೆ ಹಿಂದಿರುಗಿದ ಗಂಡಹೆಂಡಿರು ಯಾರನ್ನು ಕೇಳಬೇಕು? ಅತ್ತೆಮಾವಂದಿರ ಮುಂದೆ ಎತ್ತತಕ್ಕ ಮಾತಲ್ಲ. ತವರಿನಲ್ಲಿ ಆಡಿದರೆ ತಾಯಿಯ ಕಣ್ಣೀರು. ನೆರೆಹೊರೆಯವರ ವಿಷಯವನ್ನಂತೂ ಹೇಳಬೇಕಾಗಿಯೇ ಇಲ್ಲ. ಹೀಗಾಗಿ ಬಹು ಮುಖ್ಯವಾದ ಒಂದು ನಿರ್ಧಾರವನ್ನು ಇಬ್ಬರೇ, ಬಾಗಿಲು ಮುಚ್ಚಿಕೊಂಡು, ಅರ್ಧಂಬರ್ಧ ತಿಳಿವಳಿಕೆಯಿಂದ ಮಾಡಬೇಕಾಗಿ ಬಂದಿದೆ. ಈ ವಿಷಯವನ್ನು ಮರೆಮಾಚದೆ, ಆದರೆ ಮರ್ಯಾದೆ ಮೀರದೆ, ಗೃಹಸ್ಥರ ಮುಂದಿಡುವುದು ಯುಕ್ತವೆಂದು ತೋರಿದುದರಿಂದ ಈ ಲೇಖನ.

ಮೊದಲು ವಿಷಯವೇನೆಂಬುದನ್ನು ನೋಡೋಣ. ಹೆಣ್ಣುಮಗುವು ಹುಟ್ಟುವಾಗಲೇ ತನ್ನ ಅಂಡಾಶಯಗಳಲ್ಲಿ ಹತ್ತರಿಂದ ಇಪ್ಪತ್ತು ಲಕ್ಷದಷ್ಟು ಅಂಡಗಳನ್ನು ಹೊತ್ತುಕೊಂಡು ಬರುವುದು. ಗಂಡಸಿನ ವೀರ್ಯದಂತೆ ಇದು ದಿನದಿನವೂ ಹೊಸದಾಗಿ ಉತ್ಪತ್ತಿಯಾಗತಕ್ಕದ್ದಲ್ಲ. ಇದ್ದ ಗಂಟು ಕರಗುತ್ತ ಹೋಗುವುದೇ ಹೊರತು ಬೆಳೆಯುವುದಿಲ್ಲ. ಹುಡುಗಿ ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ ಉಳಿದಿರುವುವು. ಇಡೀ ಆಯುಷ್ಯದಲ್ಲಿ ಪಕ್ವವಾಗಿ ಹೊರಬೀಳುವುವು ನಾನೂರು ಐನೂರು ಮಾತ್ರ. ಮೂವತ್ತೈದು ದಾಟಿದ ಮೇಲೆ ಅಂಡಗಳ ಸಂಖ್ಯೆಯೂ ಸತ್ವವೂ ಬೇಗ ಬೇಗನೆ ಕುಂದುತ್ತವೆ. ಕೆಲವರಿಗೆ ಇಪ್ಪತ್ತು ಮೂವತ್ತರ ವಯಸ್ಸಿನಲ್ಲಿಯೇ ಅವು ತೀರಿಹೋಗುವುದುಂಟು. ಕ್ಯಾನ್ಸರ್ ರೋಗದ ಔಷಧೋಪಚಾರದಿಂದ ನಾಶವಾಗುವುದೂ ಉಂಟು. ಗರ್ಭಕೋಶವು ಮಾತ್ರ ಅಷ್ಟು ಬೇಗ ಮುಪ್ಪಾಗುವುದಿಲ್ಲ. ಹೀಗೆ ಮನೆ ಗಟ್ಟಿಯಾಗಿದ್ದು ಬಿತ್ತನೆಯ ಬೀಜವೇ ಇಲ್ಲದಂತಾದವರಿಗೆ ಪ್ರಾಯದ ಸ್ತ್ರೀಯೊಬ್ಬಳ ಅಂಡವನ್ನು ತಂದು, ಗಂಡನ ವೀರ್ಯದೊಡನೆ ಗಾಜಿನ ಪಾತ್ರೆಯಲ್ಲಿ ಸೇರಿಸಿ, ಮೂರರಿಂದ ಐದು ದಿನ ಬೆಳೆಸಿದ ಭ್ರೂಣವನ್ನು ಹೆಂಡತಿಯ ಗರ್ಭಕೋಶದಲ್ಲಿ ಇರಿಸುವುದೇ ಅಂಡದಾನದಿಂದಾಗುವ ಗರ್ಭಧಾರಣೆ. ನವಮಾಸ ಹೊತ್ತು ಹೆರುವವಳು ಹೆಂಡತಿಯೇ.

ಬೀಜವೆಂದೆನಷ್ಟೆ. ನಮ್ಮ ಧರ್ಮಶಾಸ್ತ್ರಗಳಲ್ಲಿ ಬೀಜ ಹೆಚ್ಚೋ ಕ್ಷೇತ್ರ ಹೆಚ್ಚೋ ಎಂಬ ಚರ್ಚೆ ಬಹಳ ಹಿಂದಿನದು. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಅದು ವಿಸ್ತಾರವಾಗಿಯೇ ಬಂದಿದೆ. ಆದರೆ ಆ ಚರ್ಚೆಯಲ್ಲೆಲ್ಲ ಬೀಜವೆಂದರೆ ಪುರುಷನದು, ಕ್ಷೇತ್ರವೆಂದರೆ ಸ್ತ್ರೀ. ಸ್ತ್ರೀಯಲ್ಲಿಯೂ ಬೀಜವುಂಟೆಂದು ಕಣ್ಣಿಗೆ ಕಂಡದ್ದು ತೀರ ಈಚೆಗೆ: 1827ರಲ್ಲಿ ಕಾರ್ಲ್ ಎರ್ನ್ಸ್ಟ್ ಫೊನ್ ಬೇರ್ ಎಂಬ ಪಂಡಿತನು ಸಸ್ತನಿಯ ಅಂಡವನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ವರ್ಣಿಸಿದನು. ಆದುದರಿಂದ ಹಳೆಯ ನಿರ್ಣಯವನ್ನು ಈ ಹೊಸ ಪ್ರಶ್ನೆಗೆ ಇದ್ದಂತೆಯೇ ತಂದು ಹೊಂದಿಸುವವರು ತುಸು ಯೋಚಿಸಬೇಕು. ಇಲ್ಲಿ ಬೀಜವೂ ಒಬ್ಬ ಹೆಂಗಸಿನದು, ಕ್ಷೇತ್ರವೂ ಒಬ್ಬ ಹೆಂಗಸು. ಹೆತ್ತ ತಾಯಿ, ಸಾಕಿದ ತಾಯಿ ಎಂಬ ಎರಡು ಮಾತು ನಮ್ಮಲ್ಲಿ ದೇವಕಿ ಯಶೋದೆಯರ ಕಾಲದಿಂದ ಇದೆ. ಅಂಡವಿತ್ತವಳಿಗೆ ಮಾತ್ರ ಭಾಷೆಯಲ್ಲಿ ಇನ್ನೂ ಹೆಸರು ಹುಟ್ಟಿಲ್ಲ.

ಈ ವಿದ್ಯೆಯ ಚರಿತ್ರೆಯು ದೀರ್ಘವಾದುದಲ್ಲ. 1978ನೆಯ ಜುಲೈ 25ರಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್ ಪಟ್ಟಣದಲ್ಲಿ ಮೊದಲನೆಯ ಪ್ರಣಾಳ ಶಿಶುವು ಹುಟ್ಟಿತು. ರಾಬರ್ಟ್ ಎಡ್ವರ್ಡ್ಸ್, ಪ್ಯಾಟ್ರಿಕ್ ಸ್ಟೆಪ್ಟೋ, ಜೀನ್ ಪರ್ಡಿ ಎಂಬ ಮೂವರ ಹಲವು ವರ್ಷಗಳ ಶ್ರಮದ ಫಲ ಅದು. 2010ರಲ್ಲಿ ನೊಬೆಲ್ ಪಾರಿತೋಷಕವು ದೊರೆಯುವ ವೇಳೆಗೆ ಎಡ್ವರ್ಡ್ಸ್ ಒಬ್ಬರೇ ಬದುಕಿದ್ದರು. ಅದೇ 1978ರ ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ಡಾಕ್ಟರ್ ಸುಭಾಷ್ ಮುಖ್ಯೋಪಾಧ್ಯಾಯರ ಪ್ರಯತ್ನದಿಂದ ಒಂದು ಹೆಣ್ಣುಮಗು ಜನಿಸಿತು. ದುರ್ಗಾಪೂಜೆಯ ದಿನಗಳಾದುದರಿಂದ ದುರ್ಗೆಯೆಂದು ಕರೆದರು. ಆದರೆ ಸರಕಾರವು ನೇಮಿಸಿದ ಸಮಿತಿಯು ಅವರ ಮಾತನ್ನು ನಂಬಲಿಲ್ಲ. ಹೊರದೇಶದಲ್ಲಿ ತಮ್ಮ ಕಾರ್ಯವನ್ನು ವಿವರಿಸಲು ಹೋಗಗೊಡಲಿಲ್ಲ. ಕಡೆಗೆ ಅವರ ವಿದ್ಯೆಗೆ ಸಂಬಂಧವೇ ಇಲ್ಲದ ಕಣ್ಣಿನ ಆಸ್ಪತ್ರೆಗೆ ವರ್ಗಮಾಡಿದರು. 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. 1986ರಲ್ಲಿ ಮುಂಬಯಿಯಲ್ಲಿ ಡಾಕ್ಟರ್ ಇಂದಿರಾ ಹಿಂದುಜಾ ಅವರೊಡನೆ ಇಂತಹ ಶಿಶುವಿನ ಜನನಕ್ಕೆ ಕಾರಣರಾದ ವಿಜ್ಞಾನಿ ಟಿ. ಸಿ. ಆನಂದಕುಮಾರರು, ಮುಖ್ಯೋಪಾಧ್ಯಾಯರ ಬರಹಗಳನ್ನು ಸ್ವತಃ ಪರಿಶೀಲಿಸಿ, "ಮೊದಲಿಗರು ನಾವಲ್ಲ, ಅವರು" ಎಂಬರ್ಥದಲ್ಲಿ 1997ರಲ್ಲಿ ಬಹಿರಂಗವಾಗಿ ಸಾರಿದರು. ತನಗೆ ಬಂದ ಕೀರ್ತಿಯನ್ನು ತಾನೇ ತೆಗೆದು ಇನ್ನೊಬ್ಬರಿಗೆ ಕೊಡುವವರು ಎಷ್ಟು ಮಂದಿ? ಆನಂದಕುಮಾರರು ಆ ಬಳಿಕ ಬೆಂಗಳೂರಿನಲ್ಲಿ ನೆಲೆಸಿದ್ದರೆಂಬುದು ಕನ್ನಡಿಗರಿಗೆ ನೆನಪಿರತಕ್ಕ ಸಂಗತಿ.

ಪರಸ್ತ್ರೀಯ ಅಂಡದಿಂದ ಗರ್ಭ ನಿಲ್ಲಿಸಿದ ವಾರ್ತೆಯು ಆಸ್ಟ್ರೇಲಿಯದ ಮೆಲ್ಬರ್ನ್ ನಗರದಿಂದಲೂ ಅಮೆರಿಕೆಯ ಕ್ಯಾಲಿಫೋರ್ನಿಯದಿಂದಲೂ 1983-84ರಲ್ಲಿ ಬಂದಿತು. ಅಲ್ಲಿಂದ ಮುಂದೆ ಅದು ಲೋಕದಲ್ಲೆಲ್ಲ ಹರಡಿತು.

ನಮ್ಮ ಪುರಾಣಗಳಲ್ಲಿ ಇದೆಲ್ಲವೂ ಮೊದಲೇ ಇದ್ದಿತೆಂದು ಹೇಳಿ ತೃಪ್ತಿಪಡುವವರು ಅನೇಕರಿದ್ದಾರೆ. ಗಾಂಧಾರಿಯ ಮಾಂಸಪಿಂಡವನ್ನು ವ್ಯಾಸರು ತುಪ್ಪದ ಕೊಡಗಳಲ್ಲಿರಿಸಿ ನೂರೊಂದು ಮಕ್ಕಳನ್ನು ಮಾಡಿದ್ದು, ದೇವಕಿಯ ಗರ್ಭವು ರೋಹಿಣಿಗೆ ಸಾಗಿದ್ದು, ಶ್ವೇತಾಂಬರ ಜೈನರ ಸಂಪ್ರದಾಯದಲ್ಲಿ ಮಹಾವೀರನು ದೇವಾನಂದೆಯ ಉದರದಿಂದ ತ್ರಿಶಲೆಯ ಉದರಕ್ಕೆ ಬಂದದ್ದು (ನಮ್ಮ ಕನ್ನಡನಾಡಿನ ದಿಗಂಬರರು ಈ ಕಥೆಯನ್ನು ಒಪ್ಪುವುದಿಲ್ಲ) ಇವು ಪ್ರಸಿದ್ಧವಾಗಿವೆ. ಈ ಕಥೆಗಳಿಂದ ನಮ್ಮ ಹಿರಿಯರಿಗೆ ಪ್ರಯೋಗಶಾಲೆಯಿತ್ತೆಂದು ಸಾಧಿಸುವುದು ನನಗೆ ಸರಿತೋರದು. ಆದರೆ ಅವುಗಳಿಂದ ಕಲಿಯತಕ್ಕ ಇನ್ನೊಂದು ಅಂಶವಿದೆ. ವಿಚಿತ್ರವೀರ್ಯನು ಮಕ್ಕಳಿಲ್ಲದೆ ಸತ್ತಾಗ ಸತ್ಯವತಿಯು ವಂಶೋದ್ಧಾರಕ್ಕಾಗಿ ವ್ಯಾಸರನ್ನು ಕರೆಸಿದಳು. ವಂಶದ ಚಿಂತೆ ಅತ್ತೆಯದು, ಅಪ್ಪಣೆ ಅತ್ತೆಯದು; ಸೊಸೆಯರಾದ ಅಂಬಿಕೆ ಅಂಬಾಲಿಕೆಯರ ಇಷ್ಟವನ್ನು ಕೇಳಿದವರು ಯಾರು? ಒಬ್ಬಳು ಭಯದಿಂದ ಕಣ್ಣು ಮುಚ್ಚಿದಳು, ಒಬ್ಬಳು ಬಿಳಿಚಿಕೊಂಡಳು. ಮತ್ತೊಮ್ಮೆ ಹೋಗೆಂದಾಗ ಅಂಬಿಕೆಯು ತನಗೆ ಬದಲಾಗಿ ದಾಸಿಯನ್ನು ಕಳುಹಿಸಿದಳು. ಮೇಲಿನವಳು ಒಲ್ಲದ ಭಾರವನ್ನು ಕೆಳಗಿನವಳ ಮೈಮೇಲೆ ಹೊರಿಸುವ ಈ ಪದ್ಧತಿಯನ್ನೇ ನಾವು ಅಂಡದಾನದ ವಿಷಯದಲ್ಲಿಯೂ ಮುಖ್ಯವಾಗಿ ಪರೀಕ್ಷಿಸಬೇಕಾಗಿದೆ.

ಏಕೆಂದರೆ ಅಂಡವನ್ನು ಕೊಡುವುದು ರಕ್ತವನ್ನು ಕೊಟ್ಟಷ್ಟು ಸುಲಭವಲ್ಲ. ಸಹಜವಾಗಿ ತಿಂಗಳಿಗೊಂದು ಅಂಡ ಪಕ್ವವಾಗುವುದು. ಹಲವನ್ನು ಒಮ್ಮೆಗೇ ಪಕ್ವಗೊಳಿಸಬೇಕಾದರೆ ದಾನಿಯು ಸುಮಾರು ಹತ್ತು ಹನ್ನೆರಡು ದಿನ ಪ್ರತಿದಿನವೂ ಸೂಜಿಮದ್ದು ಹಾಕಿಸಿಕೊಳ್ಳಬೇಕು. ನಡುನಡುವೆ ಸ್ಕ್ಯಾನ್ ಪರೀಕ್ಷೆ. ಕೊನೆಯ ಮದ್ದು ಕೊಟ್ಟು ಮೂವತ್ತಾರು ಗಂಟೆಗಳಾಗುವ ಹೊತ್ತಿಗೆ ಮಂಪರು ಬರಿಸಿ, ಯೋನಿಮಾರ್ಗವಾಗಿ ಉದ್ದನೆಯ ಸೂಜಿಯನ್ನು ಅಂಡಾಶಯಕ್ಕೆ ಚುಚ್ಚಿ ಅಂಡಗಳನ್ನು ಹೀರಿ ತೆಗೆಯುವರು. ಬಹು ಮಂದಿಗೆ ಹೊಟ್ಟೆಯುಬ್ಬರ, ನೋವು ಇಷ್ಟರಲ್ಲಿ ಮುಗಿಯುವುದು. ಕೆಲವರಿಗೆ ಮಾತ್ರ ಅಂಡಾಶಯಗಳು ಮಿತಿಮೀರಿ ಊದಿಕೊಂಡು, ಹೊಟ್ಟೆಯಲ್ಲಿ ನೀರು ತುಂಬಿ, ರಕ್ತ ಗಟ್ಟಿಯಾಗಿ, ಪ್ರಾಣಕ್ಕೇ ಅಪಾಯವಾಗುವ ಸಂಭವವುಂಟು. ಅಪರೂಪವೆಂಬುದು ನಿಜ, ಇಲ್ಲವೇ ಇಲ್ಲವೆಂಬುದು ನಿಜವಲ್ಲ. 2014ರಲ್ಲಿ ದೆಹಲಿಯಲ್ಲಿ ಅಂಡ ಕೊಟ್ಟ ತರುಣಿಯೊಬ್ಬಳು ಆ ಚಿಕಿತ್ಸೆಯ ಬೆನ್ನಿಗೇ ತೀರಿಕೊಂಡಳು. ಪಡೆಯುವ ಹೆಂಗಸಿಗೆ ಈ ಶ್ರಮದ ಕೊನೆಯಲ್ಲಿ ಮಗುವಿನ ಆಸೆಯಿದೆ. ಕೊಡುವವಳಿಗೆ ಏನಿದೆ?

ಹಣವಿದೆ ಎಂಬುದೇ ಪ್ರಾಮಾಣಿಕವಾದ ಉತ್ತರ. ದಾನವೆಂಬ ಶಬ್ದವು ನಮ್ಮಲ್ಲಿ ಬಹು ಪವಿತ್ರವಾದುದು. ಗೋದಾನ, ಭೂದಾನ, ಅನ್ನದಾನಗಳಲ್ಲಿ ಕೊಡುವವನು ಉಳ್ಳವನು, ಪಡೆಯುವವನು ಇಲ್ಲದವನು. ಇಲ್ಲಿಯೋ ಎಲ್ಲವೂ ತಲೆಕೆಳಗು. ಉಳ್ಳವರು ಪಡೆಯುತ್ತಾರೆ, ಮನೆಬಾಡಿಗೆ, ಸಾಲ, ಮಕ್ಕಳ ಶಾಲೆಯ ಫೀಜು ಇವುಗಳಿಂದ ಕಂಗೆಟ್ಟವಳು ಕೊಡುತ್ತಾಳೆ, ನಡುವೆ ನಿಂತ ದಲ್ಲಾಳಿಯು ತನ್ನ ಪಾಲನ್ನು ಮೊದಲೇ ಎತ್ತಿಟ್ಟುಕೊಳ್ಳುತ್ತಾನೆ. ಇದನ್ನು ದಾನವೆಂದು ಕರೆಯುವುದರಿಂದ ಪಡೆದವರ ಮನಸ್ಸಿಗೆ ಸಮಾಧಾನವಾಗಬಹುದೇ ಹೊರತು ಕೊಟ್ಟವಳಿಗೆ ಪ್ರಯೋಜನವಿಲ್ಲ. ನಿಜವಾಗಿ ಕರುಣೆಯಿಂದಲೇ ಕೊಡುವವರು ಇಲ್ಲವೆಂದು ನನ್ನ ಅಭಿಪ್ರಾಯವಲ್ಲ. ಆದರೆ ಅಂತಹವರು ಸಾಲುಗಟ್ಟಿ ನಿಂತಿದ್ದಾರೆಂದು ನಂಬುವುದು ಕಷ್ಟ.

2021ರಲ್ಲಿ ಭಾರತದ ಪಾರ್ಲಿಮೆಂಟು ನೆರವಿನ ಸಂತಾನೋತ್ಪತ್ತಿಯ ವಿಷಯವಾಗಿ ಒಂದು ಕಾನೂನನ್ನೂ, ಬಾಡಿಗೆ ತಾಯ್ತನದ ವಿಷಯವಾಗಿ ಇನ್ನೊಂದನ್ನೂ ಮಾಡಿತು. ಎರಡೂ 2022ರ ಜನವರಿ 25ರಿಂದ ಜಾರಿಗೆ ಬಂದಿವೆ. ಅಂಡ ಕೊಡುವವಳ ವಯಸ್ಸು 23ರಿಂದ 35ರೊಳಗೆ ಇರತಕ್ಕದ್ದು. ಜೀವಮಾನದಲ್ಲಿ ಒಂದೇ ಬಾರಿ ಕೊಡತಕ್ಕದ್ದು. ಏಳಕ್ಕಿಂತ ಹೆಚ್ಚು ಅಂಡಗಳನ್ನು ತೆಗೆಯಕೂಡದು. ಒಬ್ಬಳ ಅಂಡವನ್ನು ಒಂದಕ್ಕಿಂತ ಹೆಚ್ಚು ಸಂಸಾರಗಳಿಗೆ ಹಂಚಕೂಡದು. ಪಡೆಯುವವರು ಆಕೆಯ ಹೆಸರಿನಲ್ಲಿ ಹನ್ನೆರಡು ತಿಂಗಳ ವಿಮೆಯನ್ನು ಮಾಡಿಸಬೇಕು. ದಾನಿಯನ್ನು ಒದಗಿಸುವ ಕೆಲಸ ನೋಂದಾಯಿಸಿದ ಬ್ಯಾಂಕಿನದೇ, ಕಂಡವರು ಕರೆತರುವಂತಿಲ್ಲ. ಚಿಕಿತ್ಸೆ ಪಡೆಯುವ ಸ್ತ್ರೀಯು 21ಕ್ಕೆ ಮೇಲ್ಪಟ್ಟು 50ಕ್ಕೆ ಒಳಗಿನವಳೂ, ಪುರುಷನು 55ಕ್ಕೆ ಒಳಗಿನವನೂ ಆಗಿರಬೇಕು. ಅಂಡ ಭ್ರೂಣಗಳ ಮಾರಾಟ, ದಾನಿಯ ಶೋಷಣೆ ಮೊದಲಾದ ಅಪರಾಧಗಳಿಗೆ ಮೊದಲ ಸಲ 5ರಿಂದ 10 ಲಕ್ಷ ರೂಪಾಯಿ ದಂಡ. ಪುನಃ ಮಾಡಿದರೆ 3ರಿಂದ 8 ವರ್ಷ ಸೆರೆವಾಸವೂ ದಂಡವೂ.

ಏಳೆಂಬ ಮಿತಿಯನ್ನು ಕುರಿತು ವೈದ್ಯರಲ್ಲಿ ಆಕ್ಷೇಪಣೆಯುಂಟು. ಮದ್ದು ಕೊಟ್ಟ ಮೇಲೆ ಅಂಡಾಶಯದಲ್ಲಿ ಹತ್ತು ಹದಿನೈದು ಪಕ್ವವಾದರೆ ಉಳಿದುದನ್ನು ಏನು ಮಾಡುವುದು, ಏಳರಲ್ಲಿ ಫಲಿಸದಿದ್ದರೆ ಮತ್ತೊಬ್ಬ ದಾನಿಯನ್ನು ಹುಡುಕಬೇಕಲ್ಲ, ಇದರಿಂದ ವೆಚ್ಚವು ಏರುವುದಲ್ಲ ಎಂಬುದು ಅವರ ವಾದ. ವಾದವು ತೀರ ಹುರುಳಿಲ್ಲದ್ದಲ್ಲ. ಆದರೂ, ಒಂದೇ ಬಾರಿಯೆಂಬ ಕಟ್ಟಳೆ ಏತಕ್ಕೆ ಬೇಕಾಯಿತೆಂಬುದನ್ನು ಬಲ್ಲವರು ಅದನ್ನು ಸಡಿಲಿಸಿರೆಂದು ಹೇಳಲಾರರು. ಕಾನೂನು ಜಾರಿಗೆ ಬಂದ ವರ್ಷವೇ, 2022ರಲ್ಲಿ, ತಮಿಳುನಾಡಿನ ಈರೋಡಿನಲ್ಲಿ ಹದಿನಾರು ವರ್ಷದ ಹುಡುಗಿಯೊಬ್ಬಳಿಂದ ಹಲವು ಬಾರಿ ಅಂಡಗಳನ್ನು ತೆಗೆಸಿ ಮಾರಿದ ಸಂಗತಿ ಬೆಳಕಿಗೆ ಬಂತು. ಸುಳ್ಳು ವಯಸ್ಸನ್ನು ಬರೆದ ನಕಲಿ ಆಧಾರ್ ಚೀಟಿಯನ್ನು ಸೃಷ್ಟಿಸಿದ್ದರು. ಕರೆದುಕೊಂಡು ಹೋದವರಲ್ಲಿ ಆಕೆಯ ಹೆತ್ತ ತಾಯಿಯೂ ಒಬ್ಬಳೆಂಬ ಆರೋಪವನ್ನು ಕೇಳಿದಾಗ ಮನಸ್ಸು ನಡುಗುವುದು. ಚೀಟಿಯಲ್ಲಿ ಏನೇ ಬರೆದಿರಲಿ, ಎದುರಿಗೆ ಮಲಗಿದವಳು ಹುಡುಗಿಯೆಂದು ಅಷ್ಟು ಜನರಲ್ಲಿ ಒಬ್ಬರ ಕಣ್ಣಿಗೂ ಕಾಣಲಿಲ್ಲವೆ?

ಇಂಗ್ಲೆಂಡಿನಲ್ಲಿ ಮಾರಾಟವನ್ನು ನಿಷೇಧಿಸಿ, ದಾನಿಯ ಪ್ರಯಾಣಕ್ಕೂ ಶ್ರಮಕ್ಕೂ ಇಂತಿಷ್ಟೆಂದು ಬಹಿರಂಗವಾಗಿ ಗೊತ್ತುಮಾಡಿದ್ದಾರೆ. 750 ಪೌಂಡುಗಳಿದ್ದ ಆ ಮೊತ್ತವು 2024ರ ಅಕ್ಟೋಬರಿನಲ್ಲಿ ಸಾವಿರದ ಹತ್ತಿರಕ್ಕೆ ಏರಿತು. ಅಮೆರಿಕದಲ್ಲಿ ಬಹುಮಟ್ಟಿಗೆ ಸಂತೆಯ ವ್ಯಾಪಾರವೇ. ವಿದ್ಯೆ, ರೂಪ, ಎತ್ತರಗಳನ್ನು ನೋಡಿ ಬೆಲೆ ಕಟ್ಟುವವರಿದ್ದಾರೆ. ಜರ್ಮನಿಯಲ್ಲಿ 1990ರ ಕಾನೂನು ಅಂಡದಾನವನ್ನೇ ತಡೆದಿದೆ. ಮಾತೃತ್ವವು ಇಬ್ಬರಲ್ಲಿ ಒಡೆದುಹೋಗಬಾರದೆಂಬುದು ಅದರ ತರ್ಕ. ಅಲ್ಲಿನ ದಂಪತಿಗಳು ಸ್ಪೆಯಿನ್ ಮೊದಲಾದ ದೇಶಗಳಿಗೆ ಹೋಗಿ ಬರುತ್ತಾರೆ. ಇಟಲಿಯಲ್ಲಿ 2004ರಲ್ಲಿ ನಿಷೇಧಿಸಿ, 2014ರಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯವು ಆ ನಿಷೇಧವನ್ನು ತೆಗೆದುಹಾಕಿತು. ರೋಮನ್ ಕ್ಯಾಥೊಲಿಕ್ ಮಠವು ಇದನ್ನು ಒಪ್ಪುವುದಿಲ್ಲ. ಮುಸಲ್ಮಾನರಲ್ಲಿ ಸುನ್ನಿ ಪಂಡಿತರು ಸಾಮಾನ್ಯವಾಗಿ ಕೂಡದೆನ್ನುವರು, ಶಿಯಾ ದೇಶವಾದ ಇರಾನಿನಲ್ಲಿ ಅವಕಾಶವುಂಟು. ನಮ್ಮಲ್ಲಿ ದತ್ತಕದ ಪದ್ಧತಿ ಹಳೆಯದಾದುದರಿಂದಲೋ ಏನೋ, ಧರ್ಮದ ಹೆಸರಿನಲ್ಲಿ ಅಷ್ಟೊಂದು ವಿರೋಧ ಕೇಳಿಬಂದಿಲ್ಲ. ವಿರೋಧವಿರುವುದು ಜಾತಿ, ಬಣ್ಣಗಳ ರೂಪದಲ್ಲಿ. ದಾನಿಯು ಯಾವ ಜಾತಿಯವಳು, ಬೆಳ್ಳಗಿರುವಳೋ ಎಂದು ವಿಚಾರಿಸುವ ಸಂಸಾರಗಳುಂಟು. ಆಕೆಗೆ ಮದ್ದಿನಿಂದ ಏನಾದರೂ ಬಾಧೆಯಾಯಿತೇ ಎಂದು ವಿಚಾರಿಸಿದವರು ಎಷ್ಟು ಮಂದಿಯೋ!

ಇನ್ನು ಮಗುವಿನ ಮಾತು. ಕಾನೂನಿನ ದೃಷ್ಟಿಯಲ್ಲಿ ಸಂದೇಹವಿಲ್ಲ: ಹುಟ್ಟಿದ ಕೂಸು ಆ ದಂಪತಿಗಳದೇ, ಆಸ್ತಿಹಕ್ಕು ಮೊದಲ್ಗೊಂಡು ಎಲ್ಲವೂ ಉಂಟು, ಅಂಡವಿತ್ತವಳಿಗೆ ಯಾವ ಹಕ್ಕೂ ಇಲ್ಲ, ಹೊಣೆಯೂ ಇಲ್ಲ. ಈ ಸ್ಪಷ್ಟತೆ ಇಲ್ಲದಿದ್ದಾಗ ಏನಾಗುತ್ತಿತ್ತೆಂಬುದಕ್ಕೆ 2008ರ ಒಂದು ಪ್ರಕರಣವೇ ಸಾಕ್ಷಿ. ಜಪಾನಿನ ದಂಪತಿಗಳು ಗುಜರಾತಿನ ಆಣಂದಕ್ಕೆ ಬಂದು, ಹೆಸರು ತಿಳಿಯದ ಸ್ತ್ರೀಯೊಬ್ಬಳ ಅಂಡದಿಂದ, ಬಾಡಿಗೆ ತಾಯಿಯೊಬ್ಬಳ ಗರ್ಭದಲ್ಲಿ ಮಗುವನ್ನು ಬೆಳೆಸುವ ಏರ್ಪಾಡು ಮಾಡಿದರು. ಹೆರಿಗೆಗೆ ಮುನ್ನವೇ ಅವರಿಗೆ ವಿವಾಹವಿಚ್ಛೇದನವಾಯಿತು. ಪತ್ನಿಯಾಗಿದ್ದವಳು ಮಗು ತನಗೆ ಬೇಡವೆಂದಳು. ಅಂಡ ಕೊಟ್ಟವಳಿಗೂ ಹೆತ್ತವಳಿಗೂ ಸಂಬಂಧವಿಲ್ಲ. ತಂದೆಯು ಬೇಕೆಂದನು, ಆದರೆ ಒಂಟಿ ಗಂಡಸು ಹೆಣ್ಣುಮಗುವನ್ನು ಕೊಂಡೊಯ್ಯುವುದಕ್ಕೆ ಹಾದಿ ಕಾಣಲಿಲ್ಲ. ಮೂವರು ತಾಯಂದಿರೆನ್ನಬಹುದಾದ ಆ ಶಿಶುವಿಗೆ ಜನನಪತ್ರದಲ್ಲಿ ಬರೆಯಲು ಒಬ್ಬ ತಾಯಿಯೂ ಇರಲಿಲ್ಲ. ಎಪ್ಪತ್ತು ದಾಟಿದ ಅಜ್ಜಿ ಜಪಾನಿನಿಂದ ಬಂದು ಕೂತು, ವಿಷಯವು ಸುಪ್ರೀಂ ಕೋರ್ಟಿನವರೆಗೆ ಹೋಗಿ, ಕೆಲವು ತಿಂಗಳ ಮೇಲೆ ಮೊಮ್ಮಗಳನ್ನು ಕರೆದುಕೊಂಡು ಹೋದಳು. ಇಂದಿನ ಕಟ್ಟಳೆಗಳಿಗೆ ಇಂತಹ ಪ್ರಕರಣಗಳೇ ಮೂಲ.

ಆದರೆ ಮಗುವಿಗೆ ನಿಜವನ್ನು ತಿಳಿಸಬೇಕೆ ಎಂಬ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವಿಲ್ಲ. ದಾನಿಯ ವಿವರವೆಲ್ಲ ಸರಕಾರದ ದಾಖಲೆಯಲ್ಲಿ ಗುಪ್ತವಾಗಿರತಕ್ಕದ್ದು. ಕಾಯಿಲೆಯ ತುರ್ತಿನಲ್ಲಿಯೋ ನ್ಯಾಯಾಲಯದ ಆಜ್ಞೆಯಿಂದಲೋ ಹೊರತು ಹೊರಗೆ ಬಾರದು. ಇಂಗ್ಲೆಂಡಿನಲ್ಲಿ 2005ರ ಏಪ್ರಿಲ್ 1ರಿಂದ ಹೆಸರು ಮರೆಸಿ ದಾನಮಾಡುವ ಪದ್ಧತಿಯು ನಿಂತಿತು. ಆ ಬಳಿಕದ ದಾನದಿಂದ ಹುಟ್ಟಿದವರು 18 ವರ್ಷ ತುಂಬಿದ ಮೇಲೆ ದಾನಿಯ ಹೆಸರನ್ನು ಕೇಳಿ ಪಡೆಯಬಹುದು. ಮೊದಲ ತಂಡದವರಿಗೆ 2023ರಲ್ಲಿ ಆ ವಯಸ್ಸಾಯಿತು. ನಮ್ಮಲ್ಲಿ ಹಿರಿಯರು, "ತಿಳಿಸಿ ಆಗಬೇಕಾದ್ದೇನು? ಮಗುವಿನ ಮನಸ್ಸು ಏಕೆ ಕೆಡಿಸಬೇಕು?" ಎನ್ನುವರು. ಕರ್ಣನ ಕಥೆಯನ್ನು ಬಲ್ಲ ನಾಡಿನವರು ಈ ಮಾತನ್ನು ಇಷ್ಟು ಹಗುರವಾಗಿ ಆಡಬಾರದು. ಕರ್ಣನಿಗೆ ನೋವಾದುದು ರಾಧೆ ಸಾಕಿದಳೆಂದಲ್ಲ. ಆಕೆಯನ್ನು ಅವನು ಕಡೆಯವರೆಗೂ ತಾಯಿಯೆಂದೇ ಭಾವಿಸಿದನು. ಎಲ್ಲರಿಗೂ ತಿಳಿಯಬಹುದಾಗಿದ್ದ ಸಂಗತಿಯನ್ನು ತನಗೆ ಮಾತ್ರ, ಅದೂ ಯುದ್ಧದ ಹೊಸ್ತಿಲಲ್ಲಿ, ತಮ್ಮ ತಮ್ಮ ಪ್ರಯೋಜನವನ್ನು ನೋಡಿಕೊಂಡು ಹೇಳಿದರಲ್ಲ, ಅದು ನೋವು. ಗುಟ್ಟು ಉಳಿಯುವ ಕಾಲವೂ ಇದಲ್ಲ. ತುಸು ಎಂಜಲನ್ನು ಡಬ್ಬಿಯಲ್ಲಿ ಹಾಕಿ ಅಂಚೆಗೆ ಕೊಟ್ಟರೆ ವಂಶದ ಮೂಲವನ್ನು ತಿಳಿಸುವ ಸಂಸ್ಥೆಗಳು ಹುಟ್ಟಿಕೊಂಡಿವೆ. ಇಪ್ಪತ್ತು ವರ್ಷದ ಮಗನೋ ಮಗಳೋ ವಿನೋದಕ್ಕಾಗಿ ಮಾಡಿಸಿದ ಪರೀಕ್ಷೆಯಿಂದ ತಂದೆತಾಯಿಗಳ ಮೌನವು ಬಯಲಾಗಬಹುದು. ಪಾಶ್ಚಾತ್ಯ ದೇಶಗಳ ಅನುಭವದಲ್ಲಿ, ಮಾತು ಕಲಿಯುವ ವಯಸ್ಸಿನಿಂದಲೇ ಕಥೆಯಂತೆ ಹೇಳುತ್ತ ಬಂದ ಮಕ್ಕಳು ಅದನ್ನು ಸಹಜವಾಗಿ ತೆಗೆದುಕೊಳ್ಳುತ್ತಾರೆ. ದೊಡ್ಡವರಾದ ಮೇಲೆ ಆಕಸ್ಮಿಕವಾಗಿ ತಿಳಿದವರೇ ಹೆಚ್ಚಾಗಿ ಕುದಿಯುತ್ತಾರೆ.

"ನಮ್ಮ ರಕ್ತವಲ್ಲವಲ್ಲ" ಎಂಬ ಅಜ್ಜಅಜ್ಜಿಯರ ಕೊರಗಿಗೂ ಎರಡು ಮಾತು ಹೇಳಬಹುದು. ಸ್ವಂತ ಅಂಡದಿಂದಾದ ಬಸುರಿನಲ್ಲಿಯೂ ತಾಯಿಯ ರಕ್ತವು ಶಿಶುವಿನ ರಕ್ತದೊಡನೆ ಬೆರೆಯುವುದಿಲ್ಲ. ಮಾಸು ಎಂಬ ಗೋಡೆಯ ಆಚೆ ಈಚೆ ಹರಿಯುತ್ತದೆ. ಆ ಗೋಡೆಯ ಮೂಲಕ ಆಹಾರವೂ ಉಸಿರೂ ಹೋಗುವುದು ಹೊತ್ತವಳಿಂದಲೇ. ಮೂಗು, ಕಣ್ಣು, ಕೂದಲು ದಾನಿಯನ್ನು ಹೋಲಬಹುದು. ಮಾತಿನ ಧಾಟಿ, ಊಟದ ರುಚಿ, ಸಿಟ್ಟು, ನಗೆ ಇವನ್ನು ಮಗುವು ಕಲಿಯುವುದು ತೊಡೆಯ ಮೇಲೆ ಕುಳಿತು. ಹಾಗೆಂದು ದತ್ತಕಕ್ಕೆ ಸಿದ್ಧರಿರುವವರನ್ನು ಈ ದಾರಿಗೆ ಎಳೆಯತಕ್ಕದ್ದಲ್ಲ. ಬಂಜೆಯೆಂಬ ಮಾತಿನ ಭಯದಿಂದ, ನೆರೆಯವರಿಗೆ ಬಸುರನ್ನು ತೋರಿಸುವುದಕ್ಕಾಗಿಯೇ, ಮೈಯೊಪ್ಪದ ಚಿಕಿತ್ಸೆಗಳನ್ನು ಸಾಲ ಮಾಡಿ ಮೇಲಿಂದ ಮೇಲೆ ಮಾಡಿಸಿಕೊಳ್ಳುವ ಹೆಣ್ಣುಮಕ್ಕಳ ಪಾಡು ಶೋಚನೀಯ. ಮಕ್ಕಳಾಗದಿರುವುದಕ್ಕೆ ಸುಮಾರು ಅರ್ಧದಷ್ಟು ಸಂದರ್ಭಗಳಲ್ಲಿ ಗಂಡಸಿನ ದೋಷವೂ ಸೇರಿರುತ್ತದೆಂದು ವೈದ್ಯರೆಲ್ಲ ಬಲ್ಲರು. ಆದರೂ ಮೊದಲು ಪರೀಕ್ಷೆಗೆ ಹೋಗುವವಳು ಹೆಂಡತಿಯೇ.

ಈ ದಾರಿಯಲ್ಲಿ ಹೆಜ್ಜೆಯಿಡಲು ನಿಶ್ಚಯಿಸಿದವರು ಚಿಕಿತ್ಸಾಲಯವೂ ಅಂಡದ ಬ್ಯಾಂಕೂ ನೋಂದಣಿಯಾಗಿವೆಯೇ ಎಂಬುದನ್ನು ಬರಹದಲ್ಲಿ ಕೇಳಿ ನೋಡಬೇಕು. ದಾನಿಯ ವಿಮೆಯ ಕಾಗದವನ್ನು ಕೇಳಬೇಕು. ಹಣ ಕಟ್ಟುವವರು ನೀವೇ ಆದುದರಿಂದ ಕೇಳುವ ಹಕ್ಕೂ ನಿಮ್ಮದೇ. ತಮ್ಮ ಹಣದಲ್ಲಿ ಎಷ್ಟು ಆಕೆಗೆ, ಎಷ್ಟು ನಡುವಿನವರಿಗೆ ಎಂಬುದಕ್ಕೆ ಉತ್ತರ ಬಾರದಿದ್ದರೆ ಆ ಬಾಗಿಲಿನಿಂದ ಹಿಂದಿರುಗುವುದು ಲೇಸು. ಸಲಹೆಗಾರರೊಡನೆ ಕುಳಿತು ಮಾತನಾಡುವ ಏರ್ಪಾಡು ಕಾನೂನಿನಲ್ಲಿಯೇ ಇದೆ. ಅದನ್ನು ರುಜು ಹಾಕಿ ಮುಗಿಸುವ ಶಾಸ್ತ್ರವಾಗಿ ಮಾಡಕೂಡದು. ಮತ್ತೊಂದು ಸಂಗತಿಯನ್ನು ಬಹು ಜನರು ಚಿಕಿತ್ಸೆ ಮುಗಿದ ಮೇಲೆಯೇ ಯೋಚಿಸುತ್ತಾರೆ: ಒಂದು ಮಗುವಾದ ಬಳಿಕ ಉಳಿದ ಭ್ರೂಣಗಳು ಶೈತ್ಯದಲ್ಲಿ ಇದ್ದೇ ಇರುತ್ತವೆ. ಕಾನೂನಿನಂತೆ ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಇಡುವಂತಿಲ್ಲ. ಆ ಅವಧಿಯೊಳಗೆ ಅವನ್ನು ಎರಡನೆಯ ಮಗುವಿಗೆ ಬಳಸುವುದೋ, ಸಂಶೋಧನೆಗೆ ಕೊಡುವುದೋ, ಕರಗಲು ಬಿಡುವುದೋ ಎಂಬುದನ್ನು ಗಂಡಹೆಂಡಿರು ಮೊದಲ ದಿನವೇ ಮಾತನಾಡಿಕೊಂಡು ಬರಹದಲ್ಲಿ ಇಟ್ಟಿರುವುದು ಒಳ್ಳೆಯದು. ವರ್ಷ ವರ್ಷವೂ ಆಸ್ಪತ್ರೆಯಿಂದ ಬರುವ ಬಾಡಿಗೆಯ ಬಿಲ್ಲನ್ನು ಯಾರು ಒಡೆಯುವರೆಂಬುದನ್ನೂ.